ಚಿತ್ತರೋಗವೂ ವೈದ್ಯನ ಆಯ್ಕೆಯೂ

ಕಾಲು ಮುರಿದವನು ಯಾರ ಬಳಿಗೆ ಹೋಗಬೇಕೆಂದು ನಿಶ್ಚಯಿಸುವಾಗ ಅವನ ಬುದ್ಧಿಗೆ ಊನವೇನೂ ಆಗಿರುವುದಿಲ್ಲ; ಚಿತ್ತವೇ ವಿಕಲವಾದವನಿಗಾದರೋ, ವೈದ್ಯನನ್ನು ಆರಿಸಬೇಕಾದ ಕರಣವೇ ರೋಗಗ್ರಸ್ತವಾಗಿದೆ. ವಿಷಾದದಲ್ಲಿ ಮುಳುಗಿದವನು ತನ್ನ ಅವಸ್ಥೆಯನ್ನು ಪಾಪದ ಫಲವೆಂದು ನಂಬುತ್ತಾನೆ. ಉನ್ಮಾದದ ಏರಿನಲ್ಲಿರುವವನು ದೈವಾನುಗ್ರಹವೆನ್ನುತ್ತಾನೆ. ಆದಕಾರಣ ಆಯ್ಕೆಯ ಭಾರವು ಮನೆಯವರ ಮೇಲೆ ಬೀಳುತ್ತದೆ. ಅವರಿಗೆ ಎದುರಾಗುವ ಮೊದಲ ಪ್ರಶ್ನೆ, ಗುರುವೋ ವೈದ್ಯನೋ ಎಂಬುದು, ಧರ್ಮಜಿಜ್ಞಾಸೆಗೇ ಸೇರಿದ್ದು.

ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯವು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯವೆಂದು ವಿಭಾಗಿಸುತ್ತದೆ: ಮಂತ್ರ, ಹೋಮ, ಉಪವಾಸಾದಿಗಳು ಮೊದಲನೆಯದು, ಆಹಾರೌಷಧಗಳ ಯೋಜನೆ ಎರಡನೆಯದು, ಅಹಿತವಾದ ವಿಷಯಗಳಿಂದ ಮನಸ್ಸನ್ನು ನಿಗ್ರಹಿಸುವುದು ಮೂರನೆಯದು. ಮೂರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಆಚಾರ್ಯನಿಗೆ, ಹರಕೆ ಹೊತ್ತವನು ಕಷಾಯ ಕುಡಿಯಬಾರದೆಂಬ ಸಂಶಯ ಬಂದಂತಿಲ್ಲ. ಅದು ನಮ್ಮ ಕಾಲದ ಸಂಪಾದನೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ ತಿಂಗಳಲ್ಲಿ, ದರ್ಗಾದ ಆಶ್ರಯವನ್ನು ನಂಬಿ ಬಂದವರಿಗಾಗಿ ನಡೆಯುತ್ತಿದ್ದ ಖಾಸಗಿ ವಸತಿಯೊಂದರಲ್ಲಿ, ಸರಪಳಿಯಿಂದ ಬಿಗಿಯಲ್ಪಟ್ಟಿದ್ದ 28 ಮಂದಿ ಚಿತ್ತರೋಗಿಗಳು ಓಡಲಾಗದೆ ಬೆಂಕಿಗೆ ಆಹುತಿಯಾದರು. ಅಂತಹ ವಸತಿಗಳಿಗೆ ಅವರನ್ನು ತಂದು ಬಿಡುತ್ತಿದ್ದವರು ಪ್ರಾಯಶಃ ಬಂಧುಗಳೇ, ದೈವವೊಂದೇ ಸಾಕೆಂದು ಬಗೆದ ಬಂಧುಗಳೇ.

ವೈದ್ಯನೆಂದು ನಿಶ್ಚಯಿಸಿದ ಮೇಲೂ ಯಾವ ವೈದ್ಯನೆಂಬುದು ಉಳಿಯುತ್ತದೆ. ನಿದ್ರೆ ಕೆಟ್ಟು, ಇಲ್ಲದ ದನಿ ಕೇಳಿಸಿ, ಸಾವಿನ ಮಾತು ಬಾಯಿಗೆ ಬಂದಾಗ ಮೊದಲು ಕಾಣತಕ್ಕವನು ಮನೋವೈದ್ಯನು. ವೈದ್ಯಶಾಸ್ತ್ರವನ್ನೇ ಓದಿ ಬಂದ ಆತನು ಗುಳಿಗೆ ಬರೆಯುವುದಲ್ಲದೆ, ಲಿಥಿಯಂ ಕೊಟ್ಟಲ್ಲಿ ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ನೋಡುವನು, ಥೈರಾಯ್ಡ್ ಗ್ರಂಥಿಯ ಮಾಂದ್ಯವೇ ಖಿನ್ನತೆಯ ವೇಷ ತೊಟ್ಟು ಬಂದಿದೆಯೋ ಎಂದು ಪರೀಕ್ಷಿಸುವನು. ಚಿಕಿತ್ಸಾ ಮನಶ್ಶಾಸ್ತ್ರಜ್ಞನು ಔಷಧ ಬರೆಯನು. ಭಯವನ್ನೂ ಗೀಳನ್ನೂ ಮಾತಿನಿಂದ, ಅಭ್ಯಾಸದಿಂದ ಮೆಲ್ಲಮೆಲ್ಲನೆ ಸಡಿಲಿಸುವ ಅವನ ಕೆಲಸ ಸತ್ತ್ವಾವಜಯಕ್ಕೆ ಬಹಳ ಹತ್ತಿರದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇವರಿಬ್ಬರೊಡನೆ, ಮನೆಯ ಸಾಲ, ಜಗಳ, ದುಡಿಮೆಗಳನ್ನು ವಿಚಾರಿಸುವ ಸಮಾಜಕಾರ್ಯಕರ್ತರೂ ಒಂದೇ ಆವರಣದಲ್ಲಿರುವರು. ಆಪ್ತಸಮಾಲೋಚಕನೆಂಬ ಹೆಸರನ್ನು ಅಲ್ಪಶಿಕ್ಷಣದವರೂ ಧರಿಸುವುದುಂಟಾದ್ದರಿಂದ, ಎಲ್ಲಿ ಏನು ಓದಿದಿರೆಂದು ಕೇಳಲು ಸಂಕೋಚಪಡಬೇಕಾದುದಿಲ್ಲ.

ಹಾಗಾದರೆ ಗುರುವಿಗೆ ಉಳಿದುದೇನು? ಮಗನನ್ನು ಕಳೆದುಕೊಂಡ ತಾಯಿ, ನನಗೇ ಏಕೆ ಹೀಗಾಯಿತೆಂದು ಕೇಳಿದರೆ ಆ ಪ್ರಶ್ನೆಗೆ ಗುಳಿಗೆಯಿಲ್ಲ. ಅವಳ ಶೋಕವನ್ನು ಅವಸರದಿಂದ ರೋಗವೆನ್ನುವ ವೈದ್ಯನೂ, ಅನ್ನ ಬಿಟ್ಟು ಮೂಲೆ ಹಿಡಿದವಳನ್ನು ವೈರಾಗ್ಯವಂತೆಯೆಂದು ಹೊಗಳುವ ಗುರುವೂ ಸಮಾನವಾಗಿ ತಪ್ಪುವರು. ತನ್ನ ವಿದ್ಯೆ ಎಲ್ಲಿ ಮುಗಿಯುತ್ತದೆಂದು ಅರಿತು, ಮತ್ತೊಬ್ಬರ ಬಳಿಗೆ ಕಳುಹಿಸಬಲ್ಲವನನ್ನೇ ನಾನು ನೆಚ್ಚುವೆನು. ತಾಯಿತ ಕಟ್ಟಿ, “ಗುಳಿಗೆ ಮಾತ್ರ ಬಿಡಬೇಡಪ್ಪಾ” ಎಂದು ಹೇಳಿ ಕಳುಹಿಸುವ ಅರ್ಚಕರುಂಟು. ಆ ತಾಯಿತವನ್ನು ಕಿತ್ತು ಬಿಸಾಡೆಂದು ಗದರುವ ವೈದ್ಯರೂ ಉಂಟು. ಗದರಿಸಿಕೊಂಡವನು ಸಾಮಾನ್ಯವಾಗಿ ಬಿಡುವುದು ತಾಯಿತವನ್ನಲ್ಲ.