ಮುಟ್ಟದೆ ನೀಡಲಾಗದ ಭಿಕ್ಷೆ

ಗಾಣಗಾಪುರದಲ್ಲಿ ನಡುಹಗಲಿನ ಹೊತ್ತಿಗೆ ದತ್ತಾತ್ರೇಯನು ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಕಾರಿನಲ್ಲಿ ಬಂದಿಳಿದ ಸಿರಿವಂತರೂ ಅಲ್ಲಿ ಜೋಳಿಗೆ ಹಿಡಿದು ಐದು ಮನೆಗಳ ಮುಂದೆ ಮಧುಕರಿ ಬೇಡುತ್ತಾರೆ. ನೀಡುವವರು ‘ನೀನಾರು’ ಎಂದು ಕೇಳುವುದಿಲ್ಲ. ಕೇಳಿದಾತ ಅವನೇ ಆಗಿಬಿಟ್ಟರೇನು ಗತಿ!

ದತ್ತಜಯಂತಿಯ ಸಂದಣಿಯಲ್ಲಿ ಅಂಥ ಅಪರಿಚಿತನೊಬ್ಬ ನಿಂತಲ್ಲಿಯೇ ಕುಸಿದನೆನ್ನಿ. ಹೃದಯದ ಬಡಿತ ತಾಳ ತಪ್ಪಿ ಬರಿಯ ನಡುಕವಾಗಿದೆ. ಏನೂ ಮಾಡದಿದ್ದರೆ ನಿಮಿಷಕ್ಕೆ ನೂರರಲ್ಲಿ 7ರಿಂದ 10ರಷ್ಟು ಬದುಕುವ ಆಸೆ ಕುಗ್ಗುತ್ತದೆಂದು ವೈದ್ಯರ ಲೆಕ್ಕ. ಜಯದೇವ ಆಸ್ಪತ್ರೆಯಿರುವುದು ದೂರದ ಕಲಬುರಗಿಯಲ್ಲಿ.

ಇದಕ್ಕೆಂದೇ ಡಿಫಿಬ್ರಿಲೇಟರ್ ಎಂಬ ಪೆಟ್ಟಿಗೆಯಿದೆ. ತೆರೆದರೆ ತಾನೇ ಮಾತನಾಡಿ ದಾರಿ ಹೇಳುತ್ತದೆ. ಎದೆಗೆ ಅಂಟಿಸಿದ ಎರಡು ಪಟ್ಟಿಗಳಿಂದ ಬಡಿತವನ್ನು ಓದಿ, ಬೇಕಿದ್ದರೆ ಮಾತ್ರ ವಿದ್ಯುತ್ತಿನ ಪೆಟ್ಟು ಕೊಡುತ್ತದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಅವರ ಹೆಸರಿನಲ್ಲಿ ಇಂಥ ಪೆಟ್ಟಿಗೆಗಳನ್ನಿಡುವುದಾಗಿ 2023ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾಯಿತು. ಜಾತ್ರೆಗೆ ಬೇಡವೆ? ಗುಡಿಯಲ್ಲಿ ಒಂದಿಟ್ಟರೆ ಸಾಲದು. ಭೀಮಾ-ಅಮರ್ಜಾ ಸಂಗಮ ಅಲ್ಲಿಂದ ಸುಮಾರು 3 ಕಿಲೋಮೀಟರ್. ಸ್ನಾನಕ್ಕಿಳಿದವನಿಗೆ ಗುಡಿಯ ಪೆಟ್ಟಿಗೆ ಒದಗುವುದಿಲ್ಲ. (ಮಿಂದ ಮೈಯಾದರೆ ಎದೆಯನ್ನು ಮೊದಲು ಒರೆಸಬೇಕು.)

‘ಗುರುವಿನ ಊರಿಗೆ ಯಂತ್ರವೇಕೆ?’ ಎಂದರು ಮಿತ್ರರೊಬ್ಬರು. ಸತ್ತ ಗಂಡನನ್ನು ನರಸಿಂಹ ಸರಸ್ವತಿಗಳು ಬದುಕಿಸಿದರೆಂದು ಗುರುಚರಿತ್ರೆ ಹೇಳುವುದು ಈ ಊರಿನಲ್ಲಿಯೇ. ನಿಜ. ಆದರೆ ಆ ಹೆಂಡತಿ ಮನೆಯಲ್ಲಿ ಕೈಕಟ್ಟಿ ಕೂತಿರಲಿಲ್ಲ. ರೋಗಿ ಗಂಡನನ್ನು ಮಾಹೂರಿನಿಂದ ಇಲ್ಲಿಯತನಕ ಕರೆತಂದಿದ್ದಳು.

ನನ್ನನ್ನು ಕಾಡುವುದು ನಂಬಿಕೆಯೂ ಅಲ್ಲ, ಪೆಟ್ಟಿಗೆಯ ಬೆಲೆಯೂ ಅಲ್ಲ. ಅದು ಬರುವ ತನಕ ನಿಮಿಷಕ್ಕೆ 100ರಿಂದ 120 ಸಲ ಎದೆಯನ್ನು ಒತ್ತುತ್ತಿರಬೇಕಲ್ಲ, ಆ ಕೈ ಯಾರದು? ಮಡಿಯುಟ್ಟವನದೆ? ಬಿದ್ದವಳು ಹೆಂಗಸಾದರೆ ಕುಪ್ಪಸ ಸರಿಸಿ ಪಟ್ಟಿ ಅಂಟಿಸುವವರಾರು? ಸುತ್ತ ಸಾವಿರ ಜನರಿದ್ದಾಗ ಇದು ಇನ್ನೊಬ್ಬರ ಕೆಲಸವೆಂದುಕೊಳ್ಳುವುದು ಬಲು ಸುಲಭ. ಅವರು ಕೆಟ್ಟವರಲ್ಲ, ಅಂಜುವವರು. ರೊಟ್ಟಿಯನ್ನಾದರೆ ಮೇಲಿನಿಂದ ಜೋಳಿಗೆಗೆ ಬಿಡಬಹುದು. ಬೇಡುವವನ ಜಾತಿಯೂ ತಗಲುವುದಿಲ್ಲ, ಬೆವರೂ ತಗಲುವುದಿಲ್ಲ. ಎದೆಯನ್ನು ಹಾಗೆ ಮುಟ್ಟದೆ ಒತ್ತಲು ಬಾರದು. ದತ್ತನೇ ಇರಬಹುದೆಂದು ನೀಡುವ ಕೈ, ಅವನೇ ಬಿದ್ದಿರಬಹುದೆಂದು ನೆಲಕ್ಕೆ ಬಾಗೀತೆ?

ಬಾಗುವಂತೆ ಮಾಡುವುದು ಉಪದೇಶವಲ್ಲ, ಅಭ್ಯಾಸ ಎಂದು ನನಗನ್ನಿಸುತ್ತದೆ. ಯಾತ್ರಿಕರು ಬಂದು ಹೋಗುವವರು. ತೆಂಗಿನಕಾಯಿ, ಹೂವು ಮಾರುವವರು ದಿನವಿಡೀ ಅಲ್ಲಿಯೇ ಇರುತ್ತಾರೆ. ಕಲಿಸುವುದಾದರೆ ಮೊದಲು ಅವರಿಗೆ ಕಲಿಸಲಿ. ಪೆಟ್ಟಿಗೆ ಎಲ್ಲಿದೆಯೆಂಬುದನ್ನು, ಕಳೆದುಹೋದ ಮಕ್ಕಳ ಹೆಸರು ಕೂಗುವ ಧ್ವನಿವರ್ಧಕವೇ ಗಂಟೆಗೊಮ್ಮೆ ಕೂಗಲಿ.