ಮಾರುವವನ ಮಾತಿಗೆ ಹೊಣೆ ಎಲ್ಲಿಂದ?

ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಧಾನ್ಯ ತಂದ ವರ್ತಕನಿಗೆ ಇನ್ನಷ್ಟು ಹಡಗುಗಳು ಹಿಂದೆಯೇ ಬರುತ್ತಿರುವುದು ಗೊತ್ತು. ಊರವರಿಗೆ ಅವನು ಅದನ್ನು ತಿಳಿಸಬೇಕೇ? ರೋಮಿನ ಸಿಸೆರೋ ಎತ್ತಿಕೊಂಡ ಈ ಪ್ರಶ್ನೆಯಲ್ಲಿ ಸ್ಟೋಯಿಕ್ ಚಿಂತಕ ಆಂಟಿಪೇಟರ್ ತಿಳಿಸಲೇಬೇಕು ಎಂದ. ಅವನ ಗುರು ಡಯೋಜಿನಿಸ್ ಬೇಕಿಲ್ಲ ಎಂದ.

ಅಲ್ಲಿ ವರ್ತಕನಿಗೆ ನಿಜ ಗೊತ್ತಿತ್ತು. ಗೊತ್ತಿಲ್ಲದೆ, ಪ್ರಾಮಾಣಿಕವಾಗಿಯೇ ತಪ್ಪು ಹೇಳಿದವನ ಪಾಡೇನು?

1955ರಲ್ಲಿ ಬ್ರಿಟನ್ನಿನ ವಿಲಿಯಮ್ಸ್ ಎಂಬಾತ ಹೊಸ ಕಾರು ಕೊಳ್ಳುವಾಗ ಹಳೆಯ ಮಾರಿಸ್ ಕಾರನ್ನು ಆಸ್ಕರ್ ಚೆಸ್ ಎಂಬ ಡೀಲರ್ ಸಂಸ್ಥೆಗೆ ಒಪ್ಪಿಸಿದ. 1948ರ ಕಾರು ಎಂದ. ನೋಂದಣಿ ಪುಸ್ತಕವೂ ಹಾಗೇ ಹೇಳುತ್ತಿತ್ತು. ಡೀಲರ್ 290 ಪೌಂಡ್ ಬೆಲೆ ಕಟ್ಟಿದರು. ತಿಂಗಳುಗಳ ಮೇಲೆ ಎಂಜಿನ್, ಚಾಸಿ ನಂಬರುಗಳನ್ನು ತಯಾರಕರಿಗೆ ಕಳಿಸಿ ಕೇಳಿದಾಗ ಅದು 1939ರದೆಂದು ಗೊತ್ತಾಯಿತು. ಬೆಲೆ 175 ಪೌಂಡ್ ಮಾತ್ರ. ಹಿಂದೆ ಯಾರೋ ಪುಸ್ತಕ ತಿದ್ದಿದ್ದರು. 1956ರಲ್ಲಿ ಮೇಲ್ಮನವಿ ನ್ಯಾಯಾಲಯ, ಬಹುಮತದಿಂದ, ಈ ಮಾತು ವಾರಂಟಿಯಲ್ಲ, ಅಂದರೆ ಹೇಳಿದವನನ್ನು ಕಟ್ಟಿಹಾಕುವ ಭರವಸೆಯಲ್ಲ ಎಂದಿತು. ಪುಸ್ತಕದಲ್ಲಿದ್ದುದನ್ನು ನಂಬಿ ಹೇಳಿದವನು ಸಾಮಾನ್ಯ ಮನುಷ್ಯ. ಪರೀಕ್ಷಿಸುವ ಕಸುಬು ಡೀಲರದು.

1965ರ ಇನ್ನೊಂದು ಮೊಕದ್ದಮೆಯಲ್ಲಿ ಸ್ಥಾನಗಳು ಅದಲುಬದಲಾದವು. ಎಂಜಿನ್ ಬದಲಿಸಿದ ಮೇಲೆ ಬೆಂಟ್ಲಿ ಕಾರು ಓಡಿದ್ದು ಬರೀ 20,000 ಮೈಲಿ ಎಂದವನು ಡೀಲರ್. ನಿಜದಲ್ಲಿ ಓಡಿದ್ದು ಸುಮಾರು 1,00,000. ಕಾರಿನ ಪೂರ್ವೋತ್ತರ ತಿಳಿಯುವ ದಾರಿ ಅವನಿಗಿತ್ತು, ಆದ್ದರಿಂದ ಆ ಮಾತು ವಾರಂಟಿಯಾಯಿತು. ಎರಡೂ ಪೀಠಗಳಲ್ಲಿ ನ್ಯಾಯಾಧೀಶ ಡೆನಿಂಗ್ ಇದ್ದರು.

ಮಾರುವವನ ಅಂತರಂಗ ಹೇಗಿತ್ತೆಂದು ನ್ಯಾಯಾಲಯ ಇಲ್ಲಿ ಶೋಧಿಸುವುದಿಲ್ಲ. ಇಬ್ಬರ ನಡೆನುಡಿ ಕಂಡ ವಿವೇಕಿ ಆ ಮಾತನ್ನು ಭರವಸೆ ಎಂದು ತಿಳಿಯುತ್ತಿದ್ದನೇ ಎಂದು ಕೇಳುತ್ತದೆ. ‘ಇಂಥ ಗಾಡಿ ಇನ್ನೆಲ್ಲೂ ಸಿಗೋದಿಲ್ಲ’ ಎಂಬ ಹೊಗಳಿಕೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಮೈಲಿಯ ಲೆಕ್ಕ ಹಾಗಲ್ಲ. ಕೊಳ್ಳುವವನು ಅದರ ಮೇಲೆಯೇ ದುಡ್ಡು ಹಾಕುತ್ತಾನೆ. ನಿಷ್ಕಪಟತನ ಮಾರುವವನನ್ನು ಮೋಸದ ಆರೋಪದಿಂದ ಉಳಿಸಬೇಕು, ನಷ್ಟ ತುಂಬುವ ಹೊಣೆಯಿಂದಲ್ಲ. ಬಲ್ಲವನ ಮಾತನ್ನು ಜನ ನಂಬುವುದೇ ಅವನು ಬಲ್ಲವನೆಂದು.

ಇಂಗ್ಲೆಂಡಿನಲ್ಲೇ 1603ರ ತೀರ್ಪು ಈ ಕಾರಣಕ್ಕೆ ಕ್ರೂರವಾಗಿ ಕಾಣುತ್ತದೆ. ಅಕ್ಕಸಾಲಿಗನೊಬ್ಬ, ವಿಷಹಾರಿಯೆಂದು ಆಗ ನಂಬಲಾಗಿದ್ದ ಬೆಜೋರ್ ಕಲ್ಲು ಇದೇ ಎಂದು ಹೇಳಿ 100 ಪೌಂಡಿಗೆ ಬೇರೆ ಕಲ್ಲನ್ನು ಮಾರಿದ್ದ. ಹಾಗೆಂದು ಹೇಳಿದ್ದನೇ ಹೊರತು ವಾರಂಟಿ ಕೊಟ್ಟಿರಲಿಲ್ಲ ಎಂದು ಕೊಂಡವನ ದಾವೆ ಬಿದ್ದುಹೋಯಿತು. ಕಲ್ಲುಗಳನ್ನು ಬಲ್ಲವನಿಗೇ ಅಲ್ಲಿ ರಕ್ಷಣೆ ಸಿಕ್ಕಿತು.

ಭಾರತದ 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಬಲ್ಲವನ ಮೇಲೆ ಭಾರ ಹೊರಿಸುತ್ತದೆ: ಕೊಳ್ಳುವವನು ತನ್ನ ಉದ್ದೇಶ ತಿಳಿಸಿ ವ್ಯಾಪಾರಿಯ ಪರಿಣತಿಯನ್ನು ನೆಚ್ಚಿಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ಒದಗುವಂತಿರಬೇಕು.