ಓಲಾಡುವವನನ್ನು ಕುರಿತು ಅವಸರದ ತೀರ್ಪು



ಹನ್ನಳು ಶೀಲೋವಿನ ದೇವಾಲಯದಲ್ಲಿ ಮನೋವ್ಯಥೆಯಿಂದ ಪ್ರಾರ್ಥಿಸುತ್ತಿದ್ದಾಗ ಆಕೆಯ ತುಟಿಗಳು ಮಾತ್ರ ಅಲುಗುತ್ತಿದ್ದವು. ಯಾಜಕನಾದ ಏಲಿಯು ಅದನ್ನು ಕಂಡು, ಆಕೆಯು ಅಮಲೇರಿದವಳೆಂದು ಎಣಿಸಿ ಗದರಿಸಿದನು. ದೇವರ ಸನ್ನಿಧಿಯಲ್ಲಿ ಮುಪ್ಪಾದವನೇ ಹೀಗೆ ತಪ್ಪಿದನು. ನಾವಾದರೋ ಕಾಪುವಿನ ಪೇಟೆಯಲ್ಲಾಗಲಿ ಕಾರ್ಕಳದ ಬೀದಿಯಲ್ಲಾಗಲಿ ಒಬ್ಬನು ಓಲಾಡುತ್ತಾ, ತೊದಲುತ್ತಾ ಬರುವದನ್ನು ಕಂಡರೆ, ಕಳ್ಳು ಕುಡಿದಿದ್ದಾನೆಂದು ಕ್ಷಣದಲ್ಲೇ ತೀರ್ಪು ಕೊಡುತ್ತೇವಲ್ಲವೇ?

ಹಂಟಿಂಗ್ಟನ್ ರೋಗವೆಂಬ ಒಂದು ವ್ಯಾಧಿಯುಂಟು. ಅಮೇರಿಕದ ವೈದ್ಯನಾದ ಜಾರ್ಜ್ ಹಂಟಿಂಗ್ಟನ್ ಎಂಬವನು 1872ರಲ್ಲಿ ಅದನ್ನು ವಿವರಿಸಿದನು. ಅದಕ್ಕೆ ಕಾರಣವಾದ ವಂಶವಾಹಿಯು 1993ರಲ್ಲಿ ಕಂಡುಹಿಡಿಯಲ್ಪಟ್ಟಿತು. ಅದು ಹೆಚ್ಚಾಗಿ 30ರಿಂದ 50 ವರುಷದೊಳಗೆ ತೋರಿಬರುತ್ತದೆ. ಮಿದುಳು ಮೆಲ್ಲಮೆಲ್ಲನೆ ಕುಂದುವದರಿಂದ ಕೈಕಾಲುಗಳು ತಮ್ಮಷ್ಟಕ್ಕೆ ಅಲುಗುತ್ತವೆ. ಕೋಪವೂ ಖಿನ್ನತೆಯೂ ಹುಟ್ಟುತ್ತವೆ. ತಂದೆಗಾಗಲಿ ತಾಯಿಗಾಗಲಿ ಈ ರೋಗವಿದ್ದರೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಎರಡರಲ್ಲಿ ಒಂದು. ಆ ವಂಶವಾಹಿಯು ಬಾರದ ಮಗುವಿನಿಂದ ಮುಂದಿನ ಸಂತತಿಗೆ ರೋಗವು ದಾಟದು.

ಹಾಗಾದರೆ ಇದು ಕುಲಕ್ಕೆ ತಗಲಿದ ಶಾಪವೋ? ಹುಟ್ಟುಕುರುಡನ ವಿಷಯವಾಗಿ ಪಾಪಮಾಡಿದವರಾರೆಂದು ಶಿಷ್ಯರು ಕೇಳಿದಾಗ, ನಮ್ಮ ಕರ್ತನು ಅವನ ಮೇಲೆಯೂ ಅವನ ತಂದೆತಾಯಿಗಳ ಮೇಲೆಯೂ ಆ ದೋಷವನ್ನು ಹೊರಿಸಲಿಲ್ಲ. ನಾವೂ ಹೊರಿಸದಿರೋಣ.

ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧವು ಇನ್ನೂ ಇಲ್ಲ. ಅಂಗಗಳ ಅಲುಗಾಟವನ್ನೂ ಮನಸ್ಸಿನ ಬೇಗೆಯನ್ನೂ ತಗ್ಗಿಸುವ ಔಷಧಗಳುಂಟು. ಇವುಗಳೊಡನೆ ದಿನಚರಿಯೂ ಬಹಳ ಸಹಾಯಮಾಡುತ್ತದೆ. ರೋಗಿಯನ್ನು ಮೂಲೆಯಲ್ಲಿ ಕೂರಿಸದೆ ದಿನಾಲೂ ನಡೆಯಿಸಿ, ಕೈಲಾಗುವ ಕೆಲಸವನ್ನು ಕೊಡಿರಿ. ಊಟಕ್ಕೂ ನಿದ್ರೆಗೂ ನಿಶ್ಚಿತ ವೇಳೆಯಿರಲಿ. ಮದ್ಯವೂ ತಂಬಾಕೂ ಬೇಡ. ಅವನ ಶರೀರವು ಹೆಚ್ಚು ಆಹಾರವನ್ನು ಬೇಡುವದರಿಂದ ತುಪ್ಪ, ಮೊಟ್ಟೆ, ಬಾಳೆಹಣ್ಣುಗಳನ್ನು ಸೇರಿಸಿ ಸ್ವಲ್ಪಸ್ವಲ್ಪವಾಗಿ ಹಲವು ಸಾರಿ ಉಣಿಸಿರಿ. ಅಗುಳು ತೇಲುವ ತೆಳು ಗಂಜಿಯು ಗಂಟಲಲ್ಲಿ ಸಿಕ್ಕಿ ಶ್ವಾಸಕ್ಕೆ ಹೋಗಬಹುದು. ಅದನ್ನು ಮಂದವಾಗಿ ಮಸೆದು, ಅವನನ್ನು ನೆಟ್ಟಗೆ ಕೂರಿಸಿ, ಸಣ್ಣ ತುತ್ತುಗಳಾಗಿ ಕೊಡಿರಿ. ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ಕೆರೆದು ತೆಗೆಯಿರಿ. ಬದುಕು ಸಾಕೆಂದು ಅವನು ಆಡಿದರೆ ಅದನ್ನು ಹಗುರವೆಂದೆಣಿಸದೆ ಒಡನೆ ವೈದ್ಯರಿಗೆ ತಿಳಿಸಿರಿ.

ಉಡುಪಿಯ ಸಮೀಪದಲ್ಲಿ, ಮಣಿಪಾಲದಲ್ಲಿ, 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನರರೋಗತಜ್ಞರಿದ್ದಾರೆ. ಮಕ್ಕಳಿಗೂ ರೋಗವು ಬಂದೀತೋ ಎಂಬದನ್ನು ರಕ್ತಪರೀಕ್ಷೆಯಿಂದ ಅರಿಯಬಹುದು. ಆದರೆ ಪ್ರಾಯಕ್ಕೆ ಬಂದವರು ಆಲೋಚನೆ ಪಡೆದು, ಸ್ವಂತ ಮನಸ್ಸಿನಿಂದ ಮಾತ್ರ ಅದನ್ನು ಮಾಡಿಸಿಕೊಳ್ಳತಕ್ಕದ್ದು. ಮದುವೆಯ ಮಾತುಕತೆಯ ನೆವದಿಂದ ಯಾರನ್ನೂ ಬಲವಂತಮಾಡಬಾರದು.

ಏಲಿಯು ಸತ್ಯವನ್ನು ಕೇಳಿದ ಮೇಲೆ ಮಾತನ್ನು ತಿರುಗಿಸಿ ಹನ್ನಳನ್ನು ಆಶೀರ್ವದಿಸಿ ಕಳುಹಿಸಿದನು. ಕೈ ಅಲುಗಿ ಪಾತ್ರೆಯು ಚೆಲ್ಲೀತೆಂಬ ನಾಚಿಕೆಯಿಂದ ಕರ್ತನ ಭೋಜನಕ್ಕೆ ಬಾರದವನು ನಮ್ಮ ಸಭೆಯಲ್ಲಿ ಇದ್ದಾನೋ? ಬರುವ ಆದಿತ್ಯವಾರ ಅವನ ಮನೆಗೆ ಹೋಗಿ, ತೋಳು ಹಿಡಿದು ಕರತಂದು, ನಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಪಾತ್ರೆಯನ್ನು ನಾವು ಹಿಡಿಯೋಣ, ಅವನು ಕುಡಿಯಲಿ.